ಚಂಚಿ ಕಟ್ಟಿಕೊಂಡೇ ವಿಮಾನ ಹತ್ತಿ

ತಡಸ ಸೀಮೆಯಿಂದ ಮೊದಲ ಸಲ ವಿಮಾನ ಹತ್ತಲು ಹೊರಟಿರುವ ಹಿರಿಯರೇ,

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟವರು, ಉಮ್ರಾಕ್ಕೆ ಹೆಸರು ಕೊಟ್ಟವರು, ಕಾಶಿಗೆ ಈ ಸಲ ರೈಲು ಬೇಡ ಅಂದವರು, ಮಗ ಟಿಕೀಟು ತೆಗೆಸಿ ಮೊಬೈಲಿಗೆ ಕಳಿಸಿಬಿಟ್ಟಿದ್ದಾನೆಂದು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡವರು, ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ. ತಡಸ ಕ್ರಾಸಿನಿಂದ ಹೆದ್ದಾರಿ ಹಿಡಿದರೆ ಹುಬ್ಬಳ್ಳಿಯ ವಿಮಾನ ನಿಲ್ದಾಣ ಹೆಚ್ಚೆಂದರೆ ತಾಸಿನ ದಾರಿ. 2017ರ ಡಿಸೆಂಬರಿನಲ್ಲಿ ಅಲ್ಲಿ ಹೊಸ ಟರ್ಮಿನಲ್ ತೆರೆಯಿತು, 2018ರಲ್ಲಿ ಉಡಾನ್ ಯೋಜನೆಯ ವಿಮಾನಗಳು ಬಂದವು. ಅಲ್ಲಿಂದೀಚೆಗೆ ಶಿಗ್ಗಾಂವಿ, ಹಾನಗಲ್ಲು, ಸವಣೂರು, ಹಿರೇಕೆರೂರಿನವರಿಗೂ ವಿಮಾನವೆಂದರೆ ಹೊಲದಲ್ಲಿ ನಿಂತು ತಲೆಯೆತ್ತಿ ನೋಡುವ ವಸ್ತು ಮಾತ್ರವಾಗಿ ಉಳಿದಿಲ್ಲ. ಹೊರಡುವವರಿಗೆ ಬುದ್ಧಿ ಹೇಳುವವರಿಗೂ ಬರವಿಲ್ಲ. ದೊಡ್ಡ ಚೀಲಕ್ಕೆ ಏನು ತುಂಬಬೇಕು, ಎಷ್ಟು ಕಿಲೋ ಮೀರಬಾರದು ಎಂಬುದನ್ನು ಓಣಿಗೊಬ್ಬರು ಹೇಳುತ್ತಾರೆ. ಕನ್ನಡಕ, ಗುಳಿಗೆ, ಆಧಾರ್ ಕಾರ್ಡು, ಚಿಲ್ಲರೆ, ಕೀಲಿಕೈ, ಮೊಬೈಲಿನ ವಯರು ಇವುಗಳ ಮಾತು ಬಂದರೆ ಮಾತ್ರ ‘ಒಂದು ಆರ್ಗನೈಸರ್ ತರಿಸಿ ಕೊಡ್ತೀನಿ ಬಿಡು’ ಎಂದು ಮುಗಿಸಿಬಿಡುತ್ತಾರೆ. ಆದರೆ ವಿಮಾನದ ದಾರಿಯಲ್ಲಿ ಮನುಷ್ಯ ಎಡವುವುದು ಈ ಸಣ್ಣ ಸಾಮಾನಿಗೇ. ಆ ಆರ್ಗನೈಸರ್ ಬೇಡ, ನಿಮ್ಮ ಅಜ್ಜನ ನಡದಲ್ಲೋ ಮನೆಯ ಗೂಟದಲ್ಲೋ ತೂಗುತ್ತಿದ್ದ ಚಂಚಿ ಅದಕ್ಕಿಂತ ಮೇಲು ಎಂಬುದು ನನ್ನ ವಾದ.

ಚಂಚಿ ಎಂದರೆ ಇಂದಿನ ಮೊಮ್ಮಕ್ಕಳಿಗೆ ಬಿಡಿಸಿ ಹೇಳಬೇಕಾದೀತು. ಒಂದರೊಳಗೊಂದು ಕೂತ ಮೂರೋ ನಾಲ್ಕೋ ಬಟ್ಟೆಯ ಕಿಸೆಗಳು, ಅವಕ್ಕೆಲ್ಲ ಸೇರಿ ಒಂದೇ ಬಾಯಿ, ಆ ಬಾಯಿ ಬಿಗಿಯಲು ಎರಡು ಕಡೆಯಿಂದ ಎಳೆಯುವ ದಾರ. ಮೈಸೂರು ಸೀಮೆಯವರು ಇದನ್ನೇ ಸಂಚಿ ಅನ್ನುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಅದನ್ನು ಹಿಡಿಯುವುದೇ ಒಂದು ಊಳಿಗವಾಗಿತ್ತು. ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಇಂದಿಗೂ ಸಂಚಿಯ ಹೊನ್ನಮ್ಮನೇ. ನಮ್ಮ ಕಡೆ ಅದು ಅರಮನೆಯ ವಸ್ತುವಲ್ಲ, ಎತ್ತು ಹೊಡೆಯುವವನ ವಸ್ತು. ಸವಣೂರಿನ ಎಲೆ, ಶಿರಸಿ ಕಡೆಯ ಅಡಕಿ, ಲೋಹದ ಡಬ್ಬಿಯಲ್ಲಿ ಸುಣ್ಣ, ಒಂದೆರಡು ಲವಂಗ, ಅಡಕತ್ತರಿ, ಎಲ್ಲಕ್ಕಿಂತ ಒಳಗೆ ರೊಕ್ಕ. ಇದರಲ್ಲಿ ಗಮನಿಸಬೇಕಾದ ಜಾಣತನ ಕಿಸೆಗಳ ಸಂಖ್ಯೆಯಲ್ಲಿಲ್ಲ, ಅವುಗಳ ಸರದಿಯಲ್ಲಿದೆ. ಎಲೆ ಮೊದಲು ಬೇಕು, ಆದ್ದರಿಂದ ಕೈಗೆ ಮೊದಲು ಸಿಗುವಲ್ಲಿ ಇರುತ್ತದೆ. ಸುಣ್ಣ ಹಸಿ, ತಾಗಿದ್ದನ್ನೆಲ್ಲ ಸುಡುತ್ತದೆ, ಆದ್ದರಿಂದ ಡಬ್ಬಿಯೊಳಗೆ ಬಂದಿ. ರೊಕ್ಕ ಅಪರೂಪಕ್ಕೆ ಬೇಕು, ಕಳೆದರೆ ಕಷ್ಟ, ಆದ್ದರಿಂದ ತಳದಲ್ಲಿ. ಎಲೆ ಮಡಿಸುವ ಕ್ರಮವೇ ಕಿಸೆಗಳ ಕ್ರಮ. ಹೀಗಾಗಿ ಕತ್ತಲಲ್ಲಿ, ಬಂಡಿ ಮೇಲೆ ಕೂತು, ಕಣ್ಣು ಹಾಯಿಸದೆಯೂ ಕೈ ತನಗೆ ಬೇಕಾದ್ದನ್ನು ಹುಡುಕಿಕೊಳ್ಳುತ್ತಿತ್ತು.

ಅಂಗಡಿಯ ಆರ್ಗನೈಸರ್ ಈ ಲೆಕ್ಕವನ್ನೇ ತಿರುವುಮುರುವು ಮಾಡುತ್ತದೆ. ಅದು ಸಾಮಾನನ್ನು ಜಾತಿವಾರು ವಿಂಗಡಿಸುತ್ತದೆ. ವಯರಿಗೆ ಒಂದು ಪಟ್ಟಿ, ಪೆನ್ನಿಗೆ ಒಂದು ತೂತು, ಗುಳಿಗೆಗೆ ಒಂದು ಜಾಲರಿ, ಕಾರ್ಡಿಗೆ ಒಂದು ಸೀಳು. ಮೇಜಿನ ಮೇಲೆ ಬಿಚ್ಚಿಟ್ಟಾಗ ನೋಡಲು ಚಂದ. ಆದರೆ ನಿಲ್ದಾಣದಲ್ಲಿ ಸಾಮಾನು ಕೇಳುವವರು ಜಾತಿವಾರು ಕೇಳುವುದಿಲ್ಲ, ಸರದಿವಾರು ಕೇಳುತ್ತಾರೆ. ಬಾಗಿಲಲ್ಲಿ ನಿಂತವರಿಗೆ ಗುರುತಿನ ಚೀಟಿ ಮತ್ತು ಟಿಕೀಟು. ಕೌಂಟರಿನಲ್ಲಿ ಅವೆರಡೇ ಮತ್ತೊಮ್ಮೆ. ಅಲ್ಲಿಂದ ಬೋರ್ಡಿಂಗ್ ಪಾಸು ಮತ್ತು ದೊಡ್ಡ ಚೀಲದ ಚೀಟಿ ನಿಮ್ಮ ಕೈಗೆ ಬರುತ್ತವೆ. ತಪಾಸಣೆಯಲ್ಲಿ ಮೊಬೈಲು, ಪವರ್‌ಬ್ಯಾಂಕು, ಚಿಲ್ಲರೆ, ಕೀಲಿಕೈ ಟ್ರೇಗೆ ಹೋಗಬೇಕು. ವಿಮಾನದ ಬಾಗಿಲಲ್ಲಿ ಮತ್ತೆ ಪಾಸು. ಕೂತ ಮೇಲೆ ಕನ್ನಡಕ, ಕಿವಿಗೆ ಅರಳೆ, ಮಧ್ಯಾಹ್ನದ ಗುಳಿಗೆ. ಇಳಿದ ಮೇಲೆ ಚೀಲದ ಚೀಟಿ, ಕರೆದೊಯ್ಯಲು ಬರುವವರ ನಂಬರು. ಆಧಾರ್ ಕಾರ್ಡು ಮತ್ತು ಚೀಲದ ಚೀಟಿ ಎರಡೂ ‘ಕಾಗದ’ವೇ ಎಂದು ಒಂದೇ ಸೀಳಿನಲ್ಲಿ ಹಾಕಿದರೆ, ಒಂದನ್ನು ತೆಗೆಯುವಾಗ ಇನ್ನೊಂದು ಬೀಳುತ್ತದೆ. ಬಾಗಿಲಲ್ಲಿ ಬೇಕಾದ್ದು, ಟ್ರೇಗೆ ಹೋಗಬೇಕಾದ್ದು, ಕೂತಾಗ ಬೇಕಾದ್ದು, ಇಳಿದಾಗ ಬೇಕಾದ್ದು ಎಂದು ನಾಲ್ಕು ಕಿಸೆ ಮಾಡಿಕೊಂಡರೆ ನಾಲ್ಕು ಕಡೆಯೂ ಒಂದೊಂದು ಸಲವೇ ಕೈ ಹಾಕಬೇಕು.

ಇದು ಅನುಕೂಲದ ಮಾತಾಯಿತು. ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ಕೈಚೀಲ ನಿಮ್ಮ ಕೈಯಲ್ಲೇ ಇರುತ್ತದೆ ಎಂಬ ಖಾತ್ರಿಯಿಲ್ಲ. ಸಾಮಾನ್ಯ ಟಿಕೀಟಿಗೆ ಕೈಚೀಲದ ತೂಕ 7 ಕಿಲೋ ಎಂದು ನಮ್ಮ ದೇಶದ ಹೆಚ್ಚಿನ ಕಂಪನಿಗಳು ಹೇಳುತ್ತವೆ. ಆದರೆ ಹುಬ್ಬಳ್ಳಿಯಂಥ ನಿಲ್ದಾಣಗಳಿಗೆ ಓಡಾಡುವ ವಿಮಾನಗಳಲ್ಲಿ ಎಟಿಆರ್ 72, ಎಂಬ್ರೇಯರ್ 145ರಂಥ ಚಿಕ್ಕವೂ ಇವೆ. ಎಟಿಆರ್‌ನಲ್ಲಿ ನಡುದಾರಿಯ ಎರಡೂ ಕಡೆ ಎರಡೆರಡು ಸೀಟು, ಐವತ್ತು ಸೀಟಿನ ಎಂಬ್ರೇಯರ್‌ನಲ್ಲಿ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು. ತಲೆಯ ಮೇಲಿನ ಗೂಡೂ ಅದಕ್ಕೆ ತಕ್ಕಂತೆ ಕಿರಿದು. ಅಳತೆಯೊಳಗೇ ಇರುವ ಚಕ್ರದ ಪೆಟ್ಟಿಗೆ ಕೂಡ ಅಲ್ಲಿ ಹಿಡಿಸದೆ ಹೋಗಬಹುದು; ಆಗ ಏಣಿಯ ಬುಡದಲ್ಲಿ ಅದನ್ನು ಇಸಿದುಕೊಂಡು ಹೊಟ್ಟೆಯೊಳಗೆ ಹಾಕುತ್ತಾರೆ. ಆ ಒಂದು ನಿಮಿಷದಲ್ಲಿ ಪೆಟ್ಟಿಗೆ ಬಿಚ್ಚಿ, ಆರ್ಗನೈಸರ್ ಬಿಚ್ಚಿ, ಗುಳಿಗೆ ಯಾವ ಜಾಲರಿಯಲ್ಲಿ, ಕನ್ನಡಕ ಯಾವ ಜಾಲರಿಯಲ್ಲಿ ಎಂದು ತಡಕಾಡುವುದು ಆಗದ ಮಾತು, ಹಿಂದೆ ಸಾಲು ನಿಂತಿರುತ್ತದೆ. ಚಂಚಿಯಾದರೆ ದಾರ ಹಿಡಿದು ಎಳೆದುಕೊಂಡರಾಯಿತು, ಪೆಟ್ಟಿಗೆ ಹೋದಲ್ಲಿಗೆ ಹೋಗಲಿ.

ಅಲ್ಲಿ ಒಂದು ವಸ್ತುವನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮವೂ ಇದೆ. ಪವರ್‌ಬ್ಯಾಂಕು ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ವಿಮಾನದ ಹೊಟ್ಟೆಗೆ ಹೋಗುವಂತಿಲ್ಲ. ಅಲ್ಲಿ ಹೊತ್ತಿಕೊಂಡರೆ ನೋಡುವವರಿಲ್ಲ, ಆರಿಸುವವರಿಲ್ಲ. ಪ್ರಯಾಣಿಕರ ಬಳಿ ಇರಬಹುದಾದದ್ದು 100 ವ್ಯಾಟ್‌ಅವರ್‌ವರೆಗೆ. 160ರವರೆಗೆ ಕಂಪನಿಯ ಒಪ್ಪಿಗೆ ಬೇಕು. ಅದಕ್ಕೂ ಮೇಲಿನದು ಬಾರದು. ಪೇಟೆಯಲ್ಲಿ ಸಿಗುವ 20,000 ಎಂಎಎಚ್‌ನ ಡಬ್ಬಿಯನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ಬರುತ್ತದೆ, ಅಂದರೆ ಚಿಂತೆಯಿಲ್ಲ. ಚಿಂತೆ ಇರುವುದು ಅದನ್ನು ಇಡುವ ಜಾಗದಲ್ಲಿ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಏರ್ ಬುಸಾನ್ ವಿಮಾನ ಹೊರಡುವ ಮುಂಚೆಯೇ ತಲೆಯ ಮೇಲಿನ ಗೂಡಿನಿಂದ ಬೆಂಕಿ ಎದ್ದಿತು. ಒಳಗಿದ್ದ 176 ಜನರೂ ಜೀವ ಉಳಿಸಿಕೊಂಡರು, ವಿಮಾನದ ಮಾಡು ಸುಟ್ಟುಹೋಯಿತು. ಸಂಶಯ ಬಿದ್ದದ್ದು ಪವರ್‌ಬ್ಯಾಂಕಿನ ಮೇಲೆ. ಮಾರ್ಚ್ 1ರಿಂದ ಆ ದೇಶ ಪವರ್‌ಬ್ಯಾಂಕನ್ನು ಗೂಡಿನಲ್ಲಿಡಬಾರದು, ಪ್ರಯಾಣಿಕರ ಕೈಗೆಟುಕುವಲ್ಲೇ ಇರಬೇಕು ಎಂದು ವಿಧಿಸಿತು. ಚಂಚಿಯಲ್ಲಿ ಸುಣ್ಣಕ್ಕೆ ಕೊಟ್ಟ ಸ್ಥಾನ ನೆನಪಿಸಿಕೊಳ್ಳಿ: ಸುಡುವ ವಸ್ತು ಬೇರೆಯೇ ಇರಬೇಕು, ಆದರೆ ದೂರ ಇರಬಾರದು. ಪವರ್‌ಬ್ಯಾಂಕಿಗೂ ಅದೇ ಸ್ಥಾನ. ಅದರ ಬಾಯಿಗೆ ಕೀಲಿಕೈಯೋ ಚಿಲ್ಲರೆಯೋ ತಾಗದಂತೆ ಒಂದು ಕಿಸೆ ಅದಕ್ಕೇ ಬಿಟ್ಟುಕೊಡಿ.

ಎಲ್ಲ ಚೀಲವನ್ನೂ ಕಸಿದುಕೊಂಡರೆ ಮನುಷ್ಯನ ಹತ್ತಿರ ಕೊನೆಗೆ ಏನು ಉಳಿಯಬೇಕು ಎಂಬ ಪ್ರಶ್ನೆಗೆ ಜಗತ್ತು ಒಮ್ಮೆ ರಾತ್ರೋರಾತ್ರಿ ಉತ್ತರ ಹುಡುಕಬೇಕಾಗಿ ಬಂತು. 2006ರ ಆಗಸ್ಟ್ 10. ದ್ರವರೂಪದ ಸ್ಫೋಟಕ ಒಯ್ದು ವಿಮಾನಗಳನ್ನು ಉಡಾಯಿಸುವ ಸಂಚು ಬಯಲಾದ ಬೆಳಗ್ಗೆ ಬ್ರಿಟನ್ನು ಕೈಚೀಲವನ್ನೇ ನಿಷೇಧಿಸಿತು. ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿಯುವಷ್ಟನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಅದರಲ್ಲಿ ಏನಿರಬಹುದಿತ್ತು? ರೊಕ್ಕದ ಪಾಕೀಟು, ಪ್ರಯಾಣದ ಕಾಗದ, ದಾರಿಗೆ ಬೇಕಾದಷ್ಟು ಔಷಧಿ, ಡಬ್ಬಿಯಿಲ್ಲದ ಕನ್ನಡಕ, ಕೀಲಿಕೈ, ಹೆಂಗಸರ ಮುಟ್ಟಿನ ಬಟ್ಟೆ, ಕೂಸಿದ್ದರೆ ಅದರ ಹಾಲು. ಆ ಹಾಲನ್ನೂ ತಾಯಿಯೋ ತಂದೆಯೋ ಎದುರಿಗೇ ಕುಡಿದು ತೋರಿಸಬೇಕಿತ್ತು. ಭದ್ರತೆಯ ಅಧಿಕಾರಿಗಳು ಅವಸರದಲ್ಲಿ ಬರೆದ ಆ ಪಟ್ಟಿಯನ್ನು ಓದಿದರೆ ಯಾವುದೋ ಅಜ್ಜಿಯ ಚಂಚಿ ಬಿಚ್ಚಿ ಸುರಿದಂತಿದೆ. ಮುಂದೆ ನಿಷೇಧ ಸಡಿಲಾಗಿ, 100 ಮಿಲಿಲೀಟರಿನ ಸೀಸೆಗಳು, ಒಂದು ಲೀಟರಿನ ಪಾರದರ್ಶಕ ಚೀಲ ಎಂಬ ನಿಯಮ ನಿಂತಿತು. ಹೊಸ ಸ್ಕ್ಯಾನರ್ ಬಂದ ಕೆಲವು ದೇಶಗಳ ನಿಲ್ದಾಣಗಳಲ್ಲಿ ಈಗ ಅದೂ ಸಡಿಲಾಗುತ್ತಿದೆ. ನೀವು ಹೊರದೇಶಕ್ಕೆ ಹೊರಟವರಾದರೆ ಮಾತ್ರ ಆ ಸಡಿಲಿಕೆಯನ್ನು ನಂಬಬೇಡಿ. ನಡುವೆ ವಿಮಾನ ಬದಲಿಸುವ ಊರಿನಲ್ಲಿ ಹಳೆಯ ನಿಯಮವೇ ಇರಬಹುದು. ಕೊಬ್ಬರಿ ಎಣ್ಣೆ, ಕೆಮ್ಮಿನ ಔಷಧಿಯಂಥವು ಚಂಚಿಗೆ ಬೇಡ, ಅವಕ್ಕೆ ಆ ಪಾರದರ್ಶಕ ಚೀಲವೇ ಸರಿ. ಕಾಣಬೇಕಾದ್ದು ಕಾಣುವಂತಿರಲಿ.

ಈಗ ನಿಮ್ಮ ಮಕ್ಕಳು ಎತ್ತುವ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು: ಒಬ್ಬರಿಗೆ ಒಂದೇ ಕೈಚೀಲ ಎಂಬ ನಿಯಮವಿದೆಯಲ್ಲ, ಚಂಚಿ ಎರಡನೆಯ ಚೀಲವಾಗುವುದಿಲ್ಲವೆ? ನಿಯಮ ಇರುವುದು ನಿಜ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2000ದಲ್ಲೇ ಆ ಸುತ್ತೋಲೆ ಹೊರಡಿಸಿತ್ತು, ತಪಾಸಣೆಯಲ್ಲಿ ನೂಕುನುಗ್ಗಲು ಹೆಚ್ಚಾದಾಗ 2022ರ ಜನವರಿಯಲ್ಲಿ ಮತ್ತೆ ನೆನಪಿಸಲಾಯಿತು. ಹೆಂಗಸರ ಪರ್ಸಿಗೆ ಅದರಲ್ಲೇ ವಿನಾಯಿತಿ ಇದೆ. ಗಂಡಸರ ಚಂಚಿಯೂ ಅಂಗೈ ಮೀರದಿದ್ದರೆ ನಡದಲ್ಲೋ ಅಂಗಿಯ ಒಳಗಿಸೆಯಲ್ಲೋ ಕೂರುತ್ತದೆ. ಸಂಶಯವಿದ್ದರೆ ತಪಾಸಣೆ ಮುಗಿಯುವವರೆಗೆ ಕೈಚೀಲದ ಬಾಯಲ್ಲಿಟ್ಟು, ಆಮೇಲೆ ತೆಗೆದುಕೊಳ್ಳಿ. ಎರಡನೆಯದು: ಮೈಮೇಲಿದ್ದದ್ದನ್ನೆಲ್ಲ ತಪಾಸಣೆಯಲ್ಲಿ ಬಿಚ್ಚಲೇಬೇಕು, ಕಟ್ಟಿಕೊಂಡು ಏನು ಫಲ? ಬಿಚ್ಚಬೇಕು, ಒಪ್ಪಿದೆ. ಆದರೆ ಬಿಡಿಬಿಡಿಯಾಗಿ ಕಿಸೆಯಿಂದ ಹತ್ತು ವಸ್ತು ತೆಗೆದು ಟ್ರೇಯಲ್ಲಿ ಹರಡಿದವರು ಆಚೆ ಬದಿಯಲ್ಲಿ ಹತ್ತನ್ನೂ ಎಣಿಸಿಕೊಳ್ಳಬೇಕು. ಹಿಂದಿನವರ ಟ್ರೇ ಬಂದು ನಿಮ್ಮದನ್ನು ದೂಡುತ್ತಿರುವಾಗ ಹತ್ತರವರೆಗೆ ಎಣಿಸುವುದು ಸಣ್ಣ ಕೆಲಸವಲ್ಲ. ಮೊಬೈಲೊಂದು, ಪವರ್‌ಬ್ಯಾಂಕೊಂದು, ಚಂಚಿಯೊಂದು ಎಂದು ಮೂರೇ ಆದರೆ ಎಣಿಸುವ ಪ್ರಮೇಯವೇ ಇಲ್ಲ, ಕಣ್ಣಿಗೇ ತಿಳಿಯುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಚುರುಕಾದದ್ದು. ಎಲ್ಲವೂ ಫೋನಿನಲ್ಲಿರುವಾಗ ಚೀಟಿ ಚಪಾಟಿಗೆ ಕಿಸೆ ಯಾಕೆ? ಬೆಂಗಳೂರಿನ ನಿಲ್ದಾಣದಲ್ಲಿ 2022ರ ಡಿಸೆಂಬರಿನಿಂದ ಡಿಜಿಯಾತ್ರಾ ಇದೆ, ಮುಖ ತೋರಿಸಿದರೆ ಬಾಗಿಲು ತೆರೆಯುತ್ತದೆ. ಇದನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ, ಬಳಸಲು ಬರುವವರು ಬಳಸಲಿ. ಆದರೆ ಫೋನು ಇದ್ದರೆ ಎಲ್ಲ ಇದೆ ಎಂಬ ಮಾತಿನ ಇನ್ನೊಂದು ಮುಖ, ಫೋನು ಸತ್ತರೆ ಎಲ್ಲವೂ ಸತ್ತಿತು ಎಂಬುದು. ಮಗನ ನಂಬರು ಬಾಯಿಪಾಠವಿರುವವರು ನಿಮ್ಮಲ್ಲಿ ಎಷ್ಟು ಜನ? ಆ ನಂಬರು, ಇಳಿಯುವ ಊರಿನ ವಿಳಾಸ, ದಿನವೂ ನುಂಗುವ ಗುಳಿಗೆಗಳ ಹೆಸರು, ಇಷ್ಟನ್ನು ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ ಚಂಚಿಯ ತಳಕ್ಕೆ ಹಾಕಿ. ಗುಳಿಗೆಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಮೂರು ದಿನದ ಗುಳಿಗೆಯನ್ನು ಬಿಡಿಸಿ ಕಾಗದದ ಪೊಟ್ಟಣ ಕಟ್ಟುವ ರೂಢಿ. ವಿಮಾನಕ್ಕೆ ಅದು ಸಲ್ಲದು. ಹೆಸರು ಅಚ್ಚಾದ ಪಟ್ಟಿಯಲ್ಲೇ ಇರಲಿ, ಡಾಕ್ಟರ ಚೀಟಿ ಅದಕ್ಕೆ ಸುತ್ತಿರಲಿ, ಕೇಳಿದವರಿಗೆ ಉತ್ತರವಾಗುತ್ತದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ದೊಡ್ಡ ಚೀಲಕ್ಕೆ ಹಾಕಲೇಬೇಡಿ. ವಿಮಾನದ ಹೊಟ್ಟೆಯಲ್ಲಿ ಚಳಿಗೆ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ್ದು ಮತ್ತೆ ಕರಗಿದರೂ ಕೆಲಸಕ್ಕೆ ಬಾರದು.

ಇನ್ನು ಕೆಲವರು ಇದನ್ನು ಹಳೆಯ ಕಾಲದ ಹಳಹಳಿಕೆ ಎನ್ನಬಹುದು. ಚಂಚಿ ನಮ್ಮ ನಡುವಿನಿಂದ ಮಾಯವಾದದ್ದಕ್ಕೆ ಕಾರಣಗಳಿದ್ದವು. ಅಂಗಿಗೆ ಕಿಸೆ ಬಂತು, ಎಲೆಯಡಿಕೆಯ ಜಾಗಕ್ಕೆ ಗುಟಖಾ ಚೀಟು ಬಂತು. ಚಂಚಿಯ ಜೊತೆ ತಂಬಾಕು ಎಷ್ಟು ಬಾಯಿಗಳನ್ನು ಹಾಳುಮಾಡಿತು ಎಂಬುದನ್ನು ಮರೆತು ಅದನ್ನು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ನಾನು ಕೇಳುತ್ತಿರುವುದು ಅದರ ಹೊಲಿಗೆಯನ್ನು, ಅದರ ಒಳಗಿನದನ್ನಲ್ಲ. ಅಂಗಿಯ ಕಿಸೆ ಚಂಚಿಯನ್ನು ಓಡಿಸಿತಾದರೂ ಅದರ ಕೆಲಸವನ್ನು ಪೂರ್ತಿ ವಹಿಸಿಕೊಳ್ಳಲಿಲ್ಲ. ಬಗ್ಗಿದರೆ ಎದೆಗಿಸೆಯಿಂದ ಕನ್ನಡಕ ಜಾರುತ್ತದೆ. ಸೀರೆಗಂತೂ ಕಿಸೆಯೇ ಇಲ್ಲ, ಸೆರಗಿನ ಗಂಟಿಗೆ ಪಾಸ್‌ಪೋರ್ಟ್ ಹಿಡಿಸುವುದಿಲ್ಲ. ಅಂದಹಾಗೆ, ತಡಸ ಕ್ರಾಸಿನಲ್ಲಿ ಮುಂಡಗೋಡದ ಟಿಬೆಟನ್ ಭಿಕ್ಕುಗಳನ್ನು ಕಂಡಿದ್ದೀರಿ. ಅವರ ನಿಲುವಂಗಿಗೂ ಕಿಸೆಯ ಸುಖವಿಲ್ಲ, ಹೆಗಲಿನ ಬಟ್ಟೆಚೀಲವೇ ಗತಿ. ಅವರಲ್ಲಿ ಯಾರೂ ಅದನ್ನು ಹಳಹಳಿಕೆ ಎಂದುಕೊಂಡಂತಿಲ್ಲ.

ಮೈಗೆ ಅಂಟಿದ್ದು ಉಳಿಯುತ್ತದೆ ಎಂಬುದಕ್ಕೆ ಒಂದು ಕಠಿಣ ಸಾಕ್ಷಿಯಿದೆ, ಹೆದರಿಸಲು ಹೇಳುತ್ತಿಲ್ಲ. 2024ರ ಜನವರಿ 2ರಂದು ಟೋಕಿಯೋದ ಹನೇದಾ ನಿಲ್ದಾಣದಲ್ಲಿ ಇಳಿದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲಿದ್ದ ಇನ್ನೊಂದು ವಿಮಾನಕ್ಕೆ ಬಡಿದು ಹೊತ್ತಿ ಉರಿಯಿತು. ಆ ದೊಡ್ಡ ವಿಮಾನದಲ್ಲಿದ್ದ 379 ಜನರೂ ಜೀವಂತ ಹೊರಬಂದರು. ಚೀಲಗಳನ್ನು ಅಲ್ಲಲ್ಲೇ ಬಿಟ್ಟು ನಡೆದದ್ದು ಅದಕ್ಕೆ ಒಂದು ಮುಖ್ಯ ಕಾರಣವೆಂದು ಬಲ್ಲವರು ಹೇಳಿದರು. ಅಂಥ ಗಳಿಗೆಯಲ್ಲಿ ಗೂಡಿಗೆ ಕೈಹಾಕುವುದು ಹಿಂದಿನವರ ಜೀವಕ್ಕೆ ಎರವು, ನಿಯಮವೂ ಅದನ್ನೇ ಹೇಳುತ್ತದೆ: ಏನನ್ನೂ ತೆಗೆದುಕೊಳ್ಳಬೇಡಿ. ನಡದಲ್ಲಿ ಕಟ್ಟಿದ್ದನ್ನು ತೆಗೆದುಕೊಳ್ಳುವ ಮಾತೇ ಬರುವುದಿಲ್ಲ, ಅದು ನಿಮ್ಮ ಸಂಗಡವೇ ಇಳಿಯುತ್ತದೆ. ಪಾಸ್‌ಪೋರ್ಟ್, ಔಷಧಿ, ಕನ್ನಡಕ ಮೈಮೇಲಿದ್ದವನಿಗೆ ಚೀಲ ಬಿಟ್ಟುಬರುವ ಮನಸ್ಸೂ ಸಲೀಸಾಗಿ ಬರುತ್ತದೆ ಎಂದು ನನ್ನ ಎಣಿಕೆ.

ಚಂಚಿಗೂ ಕೈಚೀಲಕ್ಕೂ ಬೇಡದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಡ್ಡಿಪೆಟ್ಟಿಗೆ, ಲೈಟರು ಬೇಡ. ಬ್ಯಾಡಗಿ ಮೆಣಸಿನಕಾಯಿ ಇಡಿಯಾಗಿದ್ದರೆ ಸರಿ, ಕುಟ್ಟಿದ ಖಾರ ಕೈಚೀಲದಲ್ಲಿ ಹೋಗುವುದಿಲ್ಲ, ದೊಡ್ಡ ಚೀಲಕ್ಕೆ ಹಾಕಿ. ಚಟ್ನಿಪುಡಿಗಳಿಗೂ ಅದೇ ಕ್ಷೇಮ. ಒಣ ಕೊಬ್ಬರಿ ಬಟ್ಟಲು ಎರಡೂ ಕಡೆ ಬಾರದು. ಎಣ್ಣೆಯಂಶ ಹೆಚ್ಚಿರುವುದರಿಂದ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳಬಲ್ಲ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯೇ ಇದೆ. ದೇವರ ಕಾಯಿಗೂ ಸುಲಭದಲ್ಲಿ ದಾರಿಯಿಲ್ಲ. ಶಬರಿಮಲೆಯ ಇರುಮುಡಿಯ ಕಾಯಿಯನ್ನು ಒಳಗೆ ಬಿಡಲು 2024ರ ಅಕ್ಟೋಬರಿನಲ್ಲಿ ಭದ್ರತಾ ಬ್ಯೂರೋ ಪ್ರತ್ಯೇಕ ಅಪ್ಪಣೆ ಕೊಡಬೇಕಾಯಿತು, ಅದೂ 2025ರ ಜನವರಿ 20ರವರೆಗೆ ಮಾತ್ರ.

ಉಳಿದದ್ದು ಹೊಲಿಗೆ. ತಡಸದ ಸಂತೆಯಲ್ಲಿ ಚಂಚಿ ಸಿಗದಿದ್ದರೆ ಊರ ದರ್ಜಿಗೆ ಈ ಅಳತೆ ಕೊಡಿ. ಪಾಸ್‌ಪೋರ್ಟ್ ಹನ್ನೆರಡೂವರೆ ಸೆಂಟಿಮೀಟರ್ ಉದ್ದ, 8.8 ಸೆಂಟಿಮೀಟರ್ ಅಗಲ. ಒಳಗಿನ ಕಿಸೆ ಅದಕ್ಕಿಂತ ಎರಡು ಬೆರಳು ದೊಡ್ಡದಿರಲಿ. ಕೌದಿಗೆ ಹಾಕುವ ಹಳೆಯ ಸೀರೆಯ ಅರಿವೆಯೇ ಸಾಕು, ಮೆತ್ತಗಿರುತ್ತದೆ, ಬೆವರು ಹೀರುತ್ತದೆ. ಕಿಸೆಗೊಂದು ಬಣ್ಣ ಹಾಕಿದರೆ ಕನ್ನಡಕ ಸಿಗುವ ಮುಂಚೆಯೂ ಕಣ್ಣು ಗುರುತು ಹಿಡಿಯುತ್ತದೆ. ಜಿಪ್ಪು, ಗುಂಡಿ, ಗೆಜ್ಜೆ ಬೇಡ, ಲೋಹ ಕಂಡರೆ ಯಂತ್ರ ಕೂಗುತ್ತದೆ. ದಾರ ಮಾತ್ರ ಗಟ್ಟಿಯಿರಲಿ, ಎಳೆದರೆ ಒಂದೇ ಎಳೆತಕ್ಕೆ ಬಾಯಿ ಮುಚ್ಚುವಂತಿರಲಿ. ಹೊರಡುವ ಹಿಂದಿನ ರಾತ್ರಿ ದೀಪ ಆರಿಸಿ, ಕತ್ತಲಲ್ಲಿ ಕೈಯಾಡಿಸಿ ಆಧಾರ್ ಕಾರ್ಡು ತೆಗೆದು ನೋಡಿ. ಮೊದಲ ಸಲಕ್ಕೇ ಸಿಕ್ಕರೆ ಚಂಚಿ ಸರಿಯಾಗಿದೆ. ಹಳೆಯ ಚಂಚಿಯನ್ನೇ ತೊಳೆದು ಒಯ್ಯುವವರು ತಳಕ್ಕೆ ಕೈಹಾಕಿ ಮತ್ತೊಮ್ಮೆ ತಡವಿ ನೋಡಿ. ಅಡಕತ್ತರಿ ಅಲ್ಲೇ ಇದ್ದೀತು, ಅದನ್ನು ತೆಗೆದು ಮನೆಯ ಮಾಡದಲ್ಲಿ ಇಟ್ಟು ಬನ್ನಿ.